ಎಎಂ5 ಮದರ್‌ಬೋರ್ಡ್ ಕೊಳ್ಳುವ ಮುನ್ನ ನೋಡಬೇಕಾದ್ದು

ಮೊದಲು ಪ್ರೊಸೆಸರ್ ಗೊತ್ತುಮಾಡಿಕೊಳ್ಳಿ, ಬೋರ್ಡ್ ಆಮೇಲೆ. ಎಎಂಡಿ ಕಂಪನಿಯ ರೈಜನ್ 7000, 9000 ಸರಣಿಯ ಡೆಸ್ಕ್‌ಟಾಪ್ ಚಿಪ್‌ಗಳಿಗೆ ಎಎಂ5 ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಬೇಕು. ಆ ಸಾಕೆಟ್ ಇರುವ ಬೋರ್ಡಿನಲ್ಲಿ ಡಿಡಿಆರ್5 ರ‍್ಯಾಮ್ ಮಾತ್ರ ಕೂರುತ್ತದೆ. ಹಳೆಯ ಡಿಡಿಆರ್4 ಕಡ್ಡಿಗಳನ್ನು ಮರೆತುಬಿಡಿ.

ಅಂಗಡಿಯಲ್ಲಿ ಬಹಳ ದಿನ ಕೂತ ಬಿ650 (ಎಎಂ5ರ ಒಂದು ಚಿಪ್‌ಸೆಟ್) ಬೋರ್ಡಿಗೆ 9000 ಸರಣಿಯ ಚಿಪ್ ಹಾಕಿದರೆ ಪರದೆಯೇ ಬೆಳಗದಿರಬಹುದು, ಒಳಗಿನ ಬಯೋಸ್ (ಕಂಪ್ಯೂಟರನ್ನು ಶುರುಮಾಡುವ ತಂತ್ರಾಂಶ) ಹಳೆಯದಾಗಿರುತ್ತದೆ. ಹಿಂಬದಿಯಲ್ಲಿ ಫ್ಲ್ಯಾಶ್‌ಬ್ಯಾಕ್ ಗುಂಡಿ ಇದ್ದರೆ ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯೋಸ್ ನವೀಕರಿಸಬಹುದು. ನಮ್ಮ ಮಟ್ಟಿಗೆ ಬಣ್ಣದ ದೀಪಗಳಿಗಿಂತ ಈ ಗುಂಡಿಗೆ ಹಣ ಕೊಡುವುದೇ ಸರಿ.

ನಾಲ್ಕು ರ‍್ಯಾಮ್ ಸ್ಲಾಟ್ ಇವೆಯೆಂದು ನಾಲ್ಕನ್ನೂ ತುಂಬಬೇಡಿ. ರೈಜನ್ 7000ದಲ್ಲಿ ಅಧಿಕೃತ ವೇಗ ಎರಡು ಕಡ್ಡಿಗೆ ಸೆಕೆಂಡಿಗೆ 5200 ದಶಲಕ್ಷ ವರ್ಗಾವಣೆ (ಎಂಟಿ/ಸೆ), ನಾಲ್ಕಕ್ಕೆ 3600. 32 ಜಿಬಿ ಬೇಕಾದರೆ 16ರ ಎರಡು ಕೊಂಡು, ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಿ.

ಎಂ.2 ಸ್ಲಾಟ್ (ಚಪ್ಪಟೆ ಎಸ್‌ಎಸ್‌ಡಿ ಕೂರುವ ಜಾಗ) ತುಂಬಿದರೆ ಕೆಲವು ಬೋರ್ಡ್‌ಗಳಲ್ಲಿ ಹಾರ್ಡ್‌ಡಿಸ್ಕ್ ಜೋಡಿಸುವ ಸಾಟಾ ಪೋರ್ಟ್ ನಿಂತುಹೋಗುತ್ತದೆ. ಕೈಪಿಡಿಯ ಆ ಪುಟವನ್ನು ಕೊಳ್ಳುವ ಮೊದಲೇ ಓದಿ.