ಆರ್‌ಎಕ್ಸ್ ಹಂಡ್ರೆಡ್‌ಗೆ ಸೈಲೆನ್ಸರ್ ತಗೊಳ್ಳೋ ಮುಂಚೆ ಇದು ನೋಡ್ರಿ

ನಮ್ಮ ಕಲಬುರಗಿ ಕಡಿ ಇನ್ನೂ ಯಮಹಾ ಆರ್‌ಎಕ್ಸ್ ಹಂಡ್ರೆಡ್ ಬೈಕ್ ಜೀವದಂಗ ಇಟ್ಕೊಂಡವ್ರು ಅದಾರ, ಅವರಿಗೆ ಇದು. ಗಾಡಿ 98 ಸಿಸಿ ಟೂ ಸ್ಟ್ರೋಕ್, 1996ಕ್ಕ ಬಂದ್ ಆಯ್ತು, ಅದಕ್ಕ ಹಳೇ ಒರಿಜಿನಲ್ ಸೈಲೆನ್ಸರ್ ಸಿಕ್ಕರ ಬಿಡಬ್ಯಾಡ್ರಿ.

ಯಾಕಂದ್ರ ಟೂ ಸ್ಟ್ರೋಕ್‌ನಾಗ ಸೈಲೆನ್ಸರ್ ಬರೀ ಸೌಂಡ್ ಕಮ್ಮಿ ಮಾಡೋದಲ್ರಿ, ಒಳಗಿನ ಅಗಲ ಆಗಿ ಮತ್ತ ಸಣ್ಣ ಆಗೋ ಆಕಾರದಿಂದ ಪ್ರೆಶರ್ ವಾಪಸ್ ಬಂದು, ಹೊರಗ ಜಾರಿ ಹೋಗ್ತಿದ್ದ ಪೆಟ್ರೋಲ್ ಮಿಶ್ರಣ ತಿರುಗಿ ಸಿಲಿಂಡರ್‌ಗ ತಳ್ತದ. ಉದ್ದ ಪೈಪ್ ಅಂದ್ರ ಕೆಳಗಿನ ಆರ್‌ಪಿಎಂನಾಗ (ಇಂಜಿನ್ ತಿರುಗೋ ವೇಗದಾಗ) ಎಳೆತ, ಗಿಡ್ಡ ಅಂದ್ರ ಮೇಲಿನ ಆರ್‌ಪಿಎಂನಾಗ. ನಮ್ಮೂರ ಸೂಪರ್ ಮಾರ್ಕೆಟ್ ಏರಿಯಾ ಟ್ರಾಫಿಕ್‌ನಾಗ ಓಡಿಸೋರಿಗೆ ಗಿಡ್ಡ ರೇಸ್ ಪೈಪ್ ಏನ್ ಉಪಯೋಗ?

ನಾನು ಒಮ್ಮೆ ಸೈಲೆನ್ಸರ್ ಒಳಗ ಸೌಂಡ್ ತಡಿಯೋ ಬ್ಯಾಫಲ್ ತೆಗಿಸಿ ಹಾಕಿದ್ದೆ, ಸೌಂಡ್ ಬಂತು, ಎಳೆತ ಹೋಯ್ತು, ಭಾಳ ಬ್ಯಾಸರ ಆಯ್ತು.

ತಗೊಳ್ಳುವಾಗ ವೆಲ್ಡಿಂಗ್ ಬೆರಳಿಂದ ಮುಟ್ಟಿ ನೋಡ್ರಿ, ಬಡಿದು ಕೇಳ್ರಿ, ಒಳಗ ಗಡಗಡ ಅಂದ್ರ ಬ್ಯಾಡ. ಇಂಜಿನ್‌ನಿಂದ ಹೊಗಿ ಹೊರಗ ಬರೋ ಪೋರ್ಟ್ ಹತ್ರದ ಗ್ಯಾಸ್ಕೆಟ್ ಹೊಸದೇ ಹಾಕ್ರಿ, ಲೀಕ್ ಇದ್ರ ಎಣ್ಣಿ ಮಸಿ ಸೋರಿ ಇಂಜಿನ್ ಎಲ್ಲಾ ಕರ್ರಗಾಗ್ತದ. ಹಳೇ ಸೈಲೆನ್ಸರ್ ಬರೀ ಕಾರ್ಬನ್ ಮಸಿ ತುಂಬಿ ಕಟ್ಟಿದ್ರ ಬ್ಯಾಫಲ್ ತೆಗೆದು ಅದನ್ನ ಉಜ್ಜಿ ತೆಗೀರಿ, ಎಷ್ಟೋ ಸಲ ಅಷ್ಟಕ್ಕೇ ಗಾಡಿ ಸರಿ ಆಗ್ತದ.

ಪೈಪ್ ಬದಲಿ ಮಾಡಿದ್ ಮ್ಯಾಲ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡ್ರಿ. ಕಂದು ಬಣ್ಣ ಇದ್ರ ಚಲೋ, ಬೆಳ್ಳಗಿದ್ರ ಪೆಟ್ರೋಲ್ ಕಮ್ಮಿ ಹೋಗ್ಲತದ ಅಂತ, ಕಾರ್ಬುರೇಟರ್‌ನಾಗ ಪೆಟ್ರೋಲ್ ಬಿಡೋ ಮೇನ್ ಜೆಟ್ ದೊಡ್ಡದು ಹಾಕಿಸ್ರಿ, ಇಲ್ಲಾಂದ್ರ ನಮ್ಮ ಬ್ಯಾಸಗಿ ಬಿಸಿಲಾಗ ಪಿಸ್ಟನ್ ಹಿಡ್ಕೊಂಡ್ ಬಿಡ್ತದ.