ಬೇಸ್‌ಬಾಲ್ ಬ್ಯಾಟಿಂಗ್ ಕ್ರಮಾಂಕ: ಕಂಪ್ಯೂಟರ್ ಕೊಡುವ ಮೊದಲ ಉತ್ತರವನ್ನು ನಂಬಬೇಡಿ

ಬೇಸ್‌ಬಾಲ್ ತಂಡದ ಒಂಬತ್ತು ಬ್ಯಾಟರ್‌ಗಳನ್ನು 3,62,880 ರೀತಿಯಲ್ಲಿ ಸಾಲಾಗಿ ಜೋಡಿಸಬಹುದು. ಕ್ರಿಕೆಟ್‌ಗಿಂತ ಭಿನ್ನವಾಗಿ, ಇಲ್ಲಿ ಔಟಾದವರ ಆಟ ಮುಗಿಯುವುದಿಲ್ಲ. ಸಾಲು ಸುತ್ತುತ್ತಲೇ ಇರುತ್ತದೆ. ಮೂವರು ಔಟಾಗಿ ಇನಿಂಗ್ಸ್ ಮುಗಿದರೆ, ಮುಂದಿನದು ಸಾಲು ನಿಂತಲ್ಲಿಂದಲೇ ಶುರುವಾಗುತ್ತದೆ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಒಂದು ಋತುವಿಗೆ 162 ಪಂದ್ಯ. ಕ್ರಮಾಂಕದಲ್ಲಿ ಒಂದು ಸ್ಥಾನ ಕೆಳಗಿಳಿದ ಬ್ಯಾಟರ್‌ಗೆ ಋತುವಿನಲ್ಲಿ ಸುಮಾರು 18 ಸರದಿ ಕಡಿಮೆಯಾಗುತ್ತದೆ. ಯಾರು ಎಲ್ಲಿ ಆಡಬೇಕೆಂಬ ಪ್ರಶ್ನೆಗೆ ಬೆಲೆ ಇರುವುದು ಇದರಿಂದಲೇ. ಉತ್ತರ ಹುಡುಕಲು ಸಿಮ್ಯುಲೇಶನ್, ಅಂದರೆ ಕಂಪ್ಯೂಟರ್‌ನಲ್ಲೇ ಪಂದ್ಯಗಳನ್ನು ಆಡಿಸಿ ನೋಡುವ ಪ್ರೋಗ್ರಾಮ್, ಬರೆಯುವವರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರು ಕೊನೆಯ ಹಂತದಲ್ಲಿ ಎಡವುತ್ತಾರೆ.

ಮೊದಲ ಹಂತ, ಅಂಕಿಅಂಶ. ಪ್ರತಿ ಆಟಗಾರನ ಸಿಂಗಲ್, ಡಬಲ್, ಟ್ರಿಪಲ್ (ಹೊಡೆತದಿಂದ ಒಂದು, ಎರಡು, ಮೂರು ಬೇಸ್, ಅಂದರೆ ಓಟಗಾರ ನಿಲ್ಲುವ ಮೂಲೆ, ತಲುಪುವುದು), ಹೋಮ್ ರನ್ (ಇಡೀ ಸುತ್ತು ಮುಗಿಸಿ ರನ್ ಗಳಿಸುವ ಹೊಡೆತ), ವಾಕ್ (ನಾಲ್ಕು ಕೆಟ್ಟ ಎಸೆತಗಳಿಗೆ ಹೊಡೆಯದೆಯೇ ಸಿಗುವ ಮೊದಲ ಬೇಸ್), ಚೆಂಡು ಮೈಗೆ ತಗುಲಿ ಸಿಕ್ಕ ಬೇಸ್, ಔಟ್ ಇಷ್ಟನ್ನೂ ಪಟ್ಟಿ ಮಾಡಿ, ಒಟ್ಟು ಸರದಿಗಳಿಂದ ಭಾಗಿಸಿ. ಬ್ಯಾಟಿಂಗ್ ಸರಾಸರಿಯನ್ನು ಮಾತ್ರ ಬಳಸಬೇಡಿ, ಏಕೆಂದರೆ ಅದರ ಲೆಕ್ಕಕ್ಕೆ ವಾಕ್ ಸೇರುವುದೇ ಇಲ್ಲ. 2004ರಲ್ಲಿ ಮೇಜರ್ ಲೀಗ್‌ನ ಬ್ಯಾಟರ್ ಬ್ಯಾರಿ ಬಾಂಡ್ಸ್ ಅವರ ಸರಾಸರಿ .362, ಆದರೆ 617 ಸರದಿಗಳಲ್ಲಿ 232 ವಾಕ್ ಪಡೆದಿದ್ದ ಅವರು ಬೇಸ್ ತಲುಪಿದ ಪ್ರಮಾಣ .609. ಸರಾಸರಿಯನ್ನಷ್ಟೇ ಕಂಡ ಕಂಪ್ಯೂಟರ್‌ಗೆ ಬಾಂಡ್ಸ್ ಅವರ ಅರ್ಧ ಶಕ್ತಿ ಕಾಣುವುದೇ ಇಲ್ಲ. ಕಡಿಮೆ ಸರದಿ ಆಡಿದವರ ಅಂಕಿಗಳಿಗೆ ಲೀಗ್‌ನ ಸರಾಸರಿ ಆಟಗಾರನ ಇನ್ನೂರು ಸರದಿಗಳನ್ನು ಬೆರೆಸಿ. ಇದು ಒರಟು ಉಪಾಯವೇ ಸರಿ, ಆದರೂ ಎರಡು ವಾರ ಚೆನ್ನಾಗಿ ಆಡಿದ ಹೊಸಬನನ್ನು ಮಹಾರಥಿಯೆಂದು ನಂಬುವುದಕ್ಕಿಂತ ಸಾವಿರ ಪಾಲು ವಾಸಿ.

ಎರಡನೇ ಹಂತ, ಆಟದ ಮಾದರಿ. ಮೂರು ಬೇಸ್‌ಗಳಲ್ಲಿ ಯಾರಿದ್ದಾರೆ ಎಂಬುದಕ್ಕೆ 8 ಸಾಧ್ಯತೆ, ಎಷ್ಟು ಔಟ್ ಎಂಬುದಕ್ಕೆ 3. ಒಟ್ಟು 24 ಸ್ಥಿತಿಗಳು. ಪ್ರತಿ ಸರದಿಗೂ ಒಂದು ಯಾದೃಚ್ಛಿಕ ಸಂಖ್ಯೆ ತೆಗೆದು ಫಲಿತಾಂಶ ನಿರ್ಧರಿಸಿ, ಸ್ಥಿತಿ ಬದಲಿಸಿ, ರನ್ ಎಣಿಸಿ. ಓಟಗಾರರ ಚಲನೆಯಲ್ಲಿ ಮಾತ್ರ ಸೋಮಾರಿತನ ಬೇಡ. ಸಿಂಗಲ್ ಬಿದ್ದಾಗ ಎರಡನೇ ಬೇಸ್‌ನಲ್ಲಿರುವವನು ಹತ್ತರಲ್ಲಿ ಸುಮಾರು ಆರು ಬಾರಿ ರನ್ ಗಳಿಸುತ್ತಾನೆ. ಎಲ್ಲರೂ ಒಂದೊಂದೇ ಬೇಸ್ ಮುಂದೆ ಹೋಗುತ್ತಾರೆಂದು ಬರೆದ ಪ್ರೋಗ್ರಾಮ್ ಸಿಂಗಲ್‌ನ ಬೆಲೆಯನ್ನು ಇಳಿಸಿ, ಹೋಮ್ ರನ್ ವೀರರನ್ನು ಅನ್ಯಾಯವಾಗಿ ಮೇಲೇರಿಸುತ್ತದೆ. ಒಂದೇ ಹೊಡೆತಕ್ಕೆ ಇಬ್ಬರು ಔಟಾಗುವ ಡಬಲ್ ಪ್ಲೇ ಇರಲೇಬೇಕು.

ಇದನ್ನು ಸ್ಪ್ರೆಡ್‌ಶೀಟ್‌ನಲ್ಲಿ ಮಾಡಲು ಹೋಗಬೇಡಿ. ಒಂದು ಕೋಶ ಮುಟ್ಟಿದರೆ ಯಾದೃಚ್ಛಿಕ ಸಂಖ್ಯೆಗಳೆಲ್ಲ ಬದಲಾಗಿ, ನಿನ್ನೆಯ ಉತ್ತರ ಇಂದು ಸಿಗುವುದಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸಾಕು. ಒಳಗೆ ಏನು ನಡೆಯುತ್ತಿದೆ ಎಂದು ತಿಳಿಸದ ಸಿದ್ಧ ಕ್ಯಾಲ್ಕುಲೇಟರ್‌ಗಳನ್ನಂತೂ ದೂರವಿಡಿ.

ಮೂರನೇ ಹಂತ, ಪರೀಕ್ಷೆ. ಒಂಬತ್ತೂ ಸ್ಥಾನಗಳಿಗೆ ಒಬ್ಬನದೇ ಅಂಕಿಗಳನ್ನು ತುಂಬಿ ಸ್ಥಾನ ಅದಲುಬದಲು ಮಾಡಿ. ಅದೇ ಸೀಡ್‌ಗೆ (ಯಾದೃಚ್ಛಿಕ ಸಂಖ್ಯೆಗಳ ಸರಣಿಯನ್ನು ಶುರುಮಾಡುವ ಸಂಖ್ಯೆ) ಒಂದೇ ಉತ್ತರ ಬರಬೇಕು. ಬಳಿಕ ತಂಡದ ನಿಜವಾದ ರನ್ ಸರಾಸರಿಯೊಂದಿಗೆ ಹೋಲಿಸಿ.

ಇನ್ನು ಕಷ್ಟದ ಹಂತ. ಒಂದು ತಂಡ ಒಂದು ಪಂದ್ಯದಲ್ಲಿ ಗಳಿಸುವ ರನ್‌ಗಳ ಮಾನಕ ವಿಚಲನೆ, ಅಂದರೆ ಸರಾಸರಿಯಿಂದ ಅತ್ತಿತ್ತ ಸರಿಯುವ ಸಾಮಾನ್ಯ ಪ್ರಮಾಣ, ಸುಮಾರು 3. ಅಂದರೆ ಒಂದಿಡೀ ಋತುವನ್ನು ಆಡಿಸಿದರೂ ಒಟ್ಟು ಮೊತ್ತ ಬರೀ ಅದೃಷ್ಟದಿಂದಲೇ 38 ರನ್‌ನಷ್ಟು ಅತ್ತಿತ್ತ ತೂಗಾಡುತ್ತದೆ. ನಾವು ಹುಡುಕುತ್ತಿರುವುದಾದರೋ, ಸಾಮಾನ್ಯ ಕ್ರಮಾಂಕಕ್ಕೂ ಅತ್ಯುತ್ತಮ ಕ್ರಮಾಂಕಕ್ಕೂ ಇರುವ ಹತ್ತು ಹದಿನೈದು ರನ್‌ಗಳ ಅಂತರವನ್ನು. ಹತ್ತು ರನ್ ಎಂದರೆ ಸರಿಸುಮಾರು ಒಂದು ಗೆಲುವು. ಒಂದು ಕ್ರಮಾಂಕಕ್ಕೆ ಒಂದು ಲಕ್ಷ ಪಂದ್ಯ ಆಡಿಸಿದರೆ ಈ ತೂಗಾಟ ಋತುವಿಗೆ ಒಂದೂವರೆ ರನ್‌ಗೆ ಇಳಿಯುತ್ತದೆ. ಅದಕ್ಕಿಂತ ಕಡಿಮೆಗೆ ಒಪ್ಪಬೇಡಿ.

ಹಾಗೆಂದು ಎಲ್ಲ ಕ್ರಮಾಂಕಗಳಿಗೂ ಲಕ್ಷ ಪಂದ್ಯ ಆಡಿಸಿದರೆ ಲೆಕ್ಕ 3,600 ಕೋಟಿ ಪಂದ್ಯ ದಾಟುತ್ತದೆ. ಆದ್ದರಿಂದ ತರಬೇತುದಾರರ ಈಗಿನ ಕ್ರಮಾಂಕದಿಂದ ಹೊರಡಿ. ಇಬ್ಬರ ಸ್ಥಾನ ಬದಲಿಸಲು 36 ದಾರಿಗಳಿವೆ. ಎಲ್ಲವನ್ನೂ ನೋಡಿ, ಒಳ್ಳೆಯದನ್ನು ಉಳಿಸಿಕೊಂಡು ಮುಂದುವರಿಯಿರಿ. ಸುಧಾರಣೆ ನಿಂತಾಗ ಬೇರೊಂದು ಆರಂಭದಿಂದ ಮತ್ತೆ ಹೊರಡಿ. ಹೋಲಿಸುವಾಗ ಎರಡೂ ಕ್ರಮಾಂಕಗಳಿಗೆ ಅದೇ ಯಾದೃಚ್ಛಿಕ ಸಂಖ್ಯೆಗಳನ್ನು ಕೊಡಿ. ಬರೀ ಸೀಡ್ ಒಂದೇ ಇಟ್ಟರೆ ಸಾಲದು. ಸಾಲು ಬದಲಾದ ಕೂಡಲೇ ಒಬ್ಬನ ಸಂಖ್ಯೆ ಇನ್ನೊಬ್ಬನ ಪಾಲಾಗುತ್ತದೆ. ಪ್ರತಿ ಆಟಗಾರನ ಮೊದಲ ಸರದಿಗೆ, ಎರಡನೆಯದಕ್ಕೆ, ಮೂರನೆಯದಕ್ಕೆ ಸಂಖ್ಯೆಗಳನ್ನು ಮೊದಲೇ ಮೀಸಲಿಡಿ. ಆಗ ಒಬ್ಬ ಬ್ಯಾಟರ್ ಎಲ್ಲಿ ನಿಂತರೂ ಅವನ ಆ ದಿನದ ಅದೃಷ್ಟ ಅವನ ಜೊತೆಗೇ ಹೋಗುತ್ತದೆ.

ಕೊನೆಗೆ ಪಟ್ಟಿಯ ಮೇಲ್ತುದಿಯಲ್ಲಿ ಒಂದು ಕ್ರಮಾಂಕ ನಿಲ್ಲುತ್ತದೆ. ಎಲ್ಲರೂ ಇಲ್ಲಿಯೇ ಕುಣಿದಾಡುತ್ತಾರೆ. ಸಾವಿರಾರು ಸ್ಪರ್ಧಿಗಳಲ್ಲಿ ಮೊದಲು ಬಂದದ್ದು ಒಳ್ಳೆಯದೂ ಇರಬಹುದು, ಆದರೆ ಅದೃಷ್ಟದ ಪಾಲೂ ಅದಕ್ಕೆ ಖಂಡಿತ ಹೆಚ್ಚು ಸಿಕ್ಕಿರುತ್ತದೆ. ಮೊದಲ ಇಪ್ಪತ್ತನ್ನು ಆರಿಸಿ, ಹೊಸ ಸೀಡ್‌ನಿಂದ ಹತ್ತು ಲಕ್ಷ ಪಂದ್ಯ ಮತ್ತೆ ಆಡಿಸಿ. ಹಳೆಯ ಮೊತ್ತವನ್ನು ಸೇರಿಸದೆ, ಹೊಸದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಮೊದಲನೆಯದು ಕೆಳಗಿಳಿದು, ಹಲವು ಕ್ರಮಾಂಕಗಳು ಒಂದೆರಡು ರನ್‌ಗಳ ಒಳಗೇ ಗುಂಪುಗೂಡುವುದು ಸಾಮಾನ್ಯ. ಆ ಗುಂಪೇ ನಿಮ್ಮ ಉತ್ತರ.

ಗುಂಪಿನೊಳಗಿನ ಆಯ್ಕೆಗೆ ಮಾದರಿಗೆ ತಿಳಿಯದ ಸಂಗತಿಗಳನ್ನು ಬಳಸಿ. ನನ್ನ ಸಲಹೆ, ಎಡಗೈ ಮತ್ತು ಬಲಗೈ ಬ್ಯಾಟರ್‌ಗಳು ಒಬ್ಬರ ನಂತರ ಒಬ್ಬರು ಬರುವ ಕ್ರಮಾಂಕವನ್ನೇ ತೆಗೆದುಕೊಳ್ಳಿ. 2020ರಿಂದ ಮೇಜರ್ ಲೀಗ್‌ನಲ್ಲಿ ಹೊಸದಾಗಿ ಬಂದ ಪಿಚರ್ (ಚೆಂಡು ಎಸೆಯುವವನು), ಇನಿಂಗ್ಸ್ ಅಷ್ಟರಲ್ಲೇ ಮುಗಿಯದಿದ್ದರೆ, ಕನಿಷ್ಠ ಮೂವರು ಬ್ಯಾಟರ್‌ಗಳಿಗೆ ಚೆಂಡು ಎಸೆಯಲೇಬೇಕು. ಮೂವರು ಎಡಗೈಯವರನ್ನು ಒಟ್ಟಿಗೆ ನಿಲ್ಲಿಸಿದರೆ ಎಡಗೈ ಬ್ಯಾಟರ್‌ಗಳನ್ನು ಸುಲಭವಾಗಿ ಕಟ್ಟಿಹಾಕುವ ಎದುರಾಳಿಯ ಎಡಗೈ ಪಿಚರ್‌ಗೆ ಆ ಮೂರೂ ಸರದಿಗಳನ್ನು ನೀವೇ ಒಪ್ಪಿಸಿದಂತೆ.