ರಸ್ತೆ ಇಲ್ಲದ ಊರಿನಲ್ಲಿ ಹೆರಿಗೆಗೆ ಸಿದ್ಧತೆ: ಸೂಲಗಿತ್ತಿಯರಿಗೂ ಆಶಾ ಕಾರ್ಯಕರ್ತೆಯರಿಗೂ

ಮಲೆ ಮಹದೇಶ್ವರ ಬೆಟ್ಟದ ಇಂಡಿಗನತ್ತ, ದೊಡ್ಡಾಣೆ, ತುಳಸಿಕೆರೆಯಂತಹ ಕಾಡಿನೊಳಗಿನ ಊರುಗಳಲ್ಲಿ ಹೆರಿಗೆಯ ಕಷ್ಟವೆಂದರೆ ಮೊದಲಿಗೆ ದಾರಿಯ ಕಷ್ಟ. 108 ಆಂಬುಲೆನ್ಸ್ 2008ರಿಂದ ಕರ್ನಾಟಕದಲ್ಲಿ ಓಡುತ್ತಿದ್ದರೂ ರಸ್ತೆ ಮುಗಿದಲ್ಲಿ ಅದು ನಿಲ್ಲಲೇಬೇಕು. ಅಲ್ಲಿಗೆ ಬಸುರಿಯನ್ನು ಡೋಲಿಯಲ್ಲಿ ಹೊತ್ತು ತರುವ ಹೊಣೆ ಊರಿನವರದು. ಆದ್ದರಿಂದ ಇಂತಹ ಊರುಗಳಲ್ಲಿ ತಾಯಿಯನ್ನು ನೋಡಿಕೊಳ್ಳುವವರ ಕೆಲಸದ ಬಹುಪಾಲು ನೋವು ಕಾಣಿಸಿಕೊಳ್ಳುವ ಮೊದಲೇ ಮುಗಿದಿರಬೇಕು.

ಮೊದಲು ದಿನ ಗೊತ್ತುಮಾಡಿಕೊಳ್ಳಿ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ ಸಿಗುತ್ತದೆ. ತಾರೀಖು ಕೇಳಿದರೆ ಹಲವರಿಗೆ ನೆನಪಿರುವುದಿಲ್ಲ, ಆದರೆ ಅಮಾವಾಸ್ಯೆಯ ಪೂಜೆಗೆ ಜನ ಸೇರುವ ಈ ಬೆಟ್ಟದಲ್ಲಿ, "ಯಾವ ಅಮಾವಾಸ್ಯೆಗೆ ಮುಂಚೆ ಮುಟ್ಟಾಗಿದ್ದೆ, ತಾಯಿ?" ಎಂದು ಕೇಳಿದರೆ ಸರಿಯಾದ ಉತ್ತರ ಬರುವ ಸಾಧ್ಯತೆ ಹೆಚ್ಚು. ಆ ದಿನವನ್ನು ತಾಯಿ ಕಾರ್ಡಿನಲ್ಲಿ ಬರೆಸಿ, ಮನೆಯ ಹಿರಿಯರಿಗೂ ಬಾಯಿಪಾಠವಾಗುವಂತೆ ಹೇಳಿ.

ಪ್ರತಿ ಭೇಟಿಯಲ್ಲಿ ರಕ್ತದೊತ್ತಡ ಮತ್ತು ಹಿಮೋಗ್ಲೋಬಿನ್ ನೋಡಿಸಿ. ಒತ್ತಡ 140/90 ಮುಟ್ಟಿದರೆ ಅಥವಾ ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿಳಿದರೆ ತಡಮಾಡದೆ ವೈದ್ಯರಲ್ಲಿಗೆ ಕಳುಹಿಸಬೇಕು. ಕಬ್ಬಿಣದ ಮಾತ್ರೆ ನುಂಗಿದ ಮೇಲೆ ಮಲ ಕಪ್ಪಗಾಗುವುದನ್ನು ಕಂಡು ಹೆದರಿ ಮಾತ್ರೆ ಬಿಟ್ಟುಬಿಡುವವರು ಬಹಳ ಮಂದಿ ಇರುವುದರಿಂದ, ಅದು ಸಹಜವೆಂದು ಮೊದಲೇ ತಿಳಿಸಿ. ಟೀ, ಕಾಫಿಯೊಂದಿಗೆ ಅದನ್ನು ನುಂಗಬಾರದೆಂದೂ ಹೇಳಿ.

ಎಂಟನೆಯ ತಿಂಗಳು ತುಂಬುವುದರೊಳಗೆ ಮನೆಯವರನ್ನೆಲ್ಲ ಕೂರಿಸಿಕೊಂಡು ಒಮ್ಮೆ ಮಾತನಾಡಲೇಬೇಕು. ಹೆರುವವಳೊಬ್ಬಳ ಮಾತಿಗೆ ಡೋಲಿ ಏಳುವುದಿಲ್ಲ; ಅತ್ತೆ, ಗಂಡ, ಕೆಲವೊಮ್ಮೆ ಊರಿನ ಯಜಮಾನರೂ ಒಪ್ಪಬೇಕು. "ಅವ್ವಾ, ನಡುರಾತ್ರಿ ನೋವು ಬಂದು ನಿಮ್ಮ ಮಗ ಊರಲ್ಲಿಲ್ಲದಿದ್ದರೆ ಹೊರಡಿ ಅಂತ ಹೇಳೋರು ಯಾರು?" ಎಂದು ಅತ್ತೆಯನ್ನೇ ನೇರವಾಗಿ ಕೇಳಿ, ಉತ್ತರ ಸಿಗುವವರೆಗೆ ಏಳಬೇಡಿ. ಡೋಲಿ ಹೊರುವವರು ಯಾರು, ಹೆಗಲು ಬದಲಿಸಲು ಯಾರು ಬರುತ್ತಾರೆ, ಫೋನಿನ ಸಿಗ್ನಲ್ ಯಾವ ಬಂಡೆಯ ಮೇಲೆ ಸಿಗುತ್ತದೆ, ಉಳಿದ ಮಕ್ಕಳನ್ನೂ ದನಕರುಗಳನ್ನೂ ನೋಡಿಕೊಳ್ಳುವವರು ಯಾರು ಎಂಬುದೆಲ್ಲ ಅಂದೇ ತೀರ್ಮಾನವಾಗಲಿ. ಆಸ್ಪತ್ರೆಗೆ ಹತ್ತಿರದ ಊರಿನಲ್ಲಿ ನೆಂಟರಿದ್ದರೆ ದಿನ ತುಂಬುವ ಒಂದೆರಡು ವಾರ ಮೊದಲೇ ಅಲ್ಲಿಗೆ ಹೋಗಿ ಉಳಿಯುವುದು ಎಲ್ಲಕ್ಕಿಂತ ಒಳ್ಳೆಯದು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಹೋಗಿಬರುವ ವಾಹನ ಎಲ್ಲವನ್ನೂ ಉಚಿತಗೊಳಿಸಿದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಿಂದ ಇದೆ. ಖರ್ಚಿಗೆ ಹೆದರುವವರಿಗೆ ಇದನ್ನು ಬಿಡಿಸಿ ಹೇಳಿ.

ಈ ಮಾತುಕತೆಯಲ್ಲಿ ಊರಿನ ಸೂಲಗಿತ್ತಿಯನ್ನು ಹೊರಗಿಡಬಾರದು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದದ್ದು ಆ ವಿದ್ಯೆಯ ಮೇಲೆ ಜನರಿಗಿದ್ದ ನಂಬಿಕೆಗೆ ಸಾಕ್ಷಿ. ಸೂಲಗಿತ್ತಿಯೇ ಜೊತೆಯಲ್ಲಿ ಆಸ್ಪತ್ರೆಗೆ ಹೊರಟರೆ, ಹೆದರಿದ ಹುಡುಗಿ ಧೈರ್ಯದಿಂದ ಡೋಲಿ ಹತ್ತುತ್ತಾಳೆ.

ರಕ್ತ ಹೋಗುವುದು, ಫಿಟ್ಸ್, ಕಣ್ಣು ಮಂಜಾಗುವ ತಲೆನೋವು, ಜ್ವರ, ನೋವಿಲ್ಲದೆ ನೀರು ಒಡೆಯುವುದು, ಮಗು ಅಲುಗಾಡದಿರುವುದು, ಹನ್ನೆರಡು ಗಂಟೆ ದಾಟಿದ ಹೆರಿಗೆ ನೋವು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಹೊರಡಬೇಕು. ಫಿಟ್ಸ್ ಬಂದವಳನ್ನು ಎಡ ಮಗ್ಗುಲಿಗೆ ಮಲಗಿಸಿ. ಬಾಯಿಗೆ ಏನನ್ನೂ ಹಾಕಬೇಡಿ.

ಇಷ್ಟೆಲ್ಲ ಮಾಡಿದರೂ ಮನೆಯಲ್ಲೋ ದಾರಿಯಲ್ಲೋ ಹೆರಿಗೆಯಾಗಿಬಿಡಬಹುದು. ಆಗ ಸ್ವಚ್ಛತೆಯೂ ಸಹನೆಯೂ ಬೇಕು. ಬಳೆ ತೆಗೆದು ಮೊಣಕೈವರೆಗೆ ಸೋಪು ಹಚ್ಚಿ ತೊಳೆಯಿರಿ, ಒಗೆದು ಬಿಸಿಲಿನಲ್ಲಿ ಒಣಗಿಸಿದ ಬಟ್ಟೆ ಹಾಸಿರಿ. ಹೊಟ್ಟೆಯನ್ನು ಮೇಲಿನಿಂದ ಅದುಮಬಾರದು, ಮಗುವನ್ನು ಎಳೆಯಬಾರದು, ಬೇಗ ಹೆರಿಗೆಯಾಗಲೆಂದು ನೋವು ಹೆಚ್ಚಿಸುವ ಇಂಜೆಕ್ಷನ್ ಕೊಡಿಸಲೇಬಾರದು. ಅದರಿಂದ ಗರ್ಭಕೋಶ ಹರಿದು ತಾಯಿಯೂ ಮಗುವೂ ಸಾಯಬಹುದು. ಮಗು ಬಂದೊಡನೆ ಒಣಬಟ್ಟೆಯಿಂದ ಒರೆಸಿ, ಬೆನ್ನು ಉಜ್ಜಿ, ತಾಯಿಯ ಬರಿಮೈಗೆ ತಾಗಿಸಿ ಮಲಗಿಸಿ ಇಬ್ಬರಿಗೂ ಹೊದಿಸಿ. ಹೊಕ್ಕುಳಬಳ್ಳಿಯ ಮಿಡಿತ ನಿಲ್ಲುವವರೆಗೆ ಒಂದರಿಂದ ಮೂರು ನಿಮಿಷ ಕಾದು, ಶುಚಿಯಾದ ದಾರದಿಂದ ಎರಡು ಕಡೆ ಬಿಗಿಯಾಗಿ ಕಟ್ಟಿ, ನಡುವೆ ಹೊಸ ಬ್ಲೇಡಿನಿಂದ ಕತ್ತರಿಸಿ. ಅದಕ್ಕೆ ಬೂದಿ, ಅರಿಶಿನ, ಹರಳೆಣ್ಣೆ ಯಾವುದನ್ನೂ ಹಚ್ಚಬಾರದು.

ಊರಿಗೆ ಬರುವ ಸರ್ಕಾರಿ ದಾದಿ (ಎಎನ್‌ಎಂ) ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಮಿಸೋಪ್ರೊಸ್ಟಾಲ್ ಮಾತ್ರೆಯನ್ನು ಮೊದಲೇ ಕೊಟ್ಟಿದ್ದರೆ, ಮಗು ಹುಟ್ಟಿದ ಮೇಲೆ ಹೊಟ್ಟೆಯಲ್ಲಿ ಇನ್ನೊಂದು ಮಗು ಇಲ್ಲವೆಂದು ಖಚಿತವಾದ ನಂತರವೇ 200 ಮೈಕ್ರೋಗ್ರಾಂನ ಮೂರು ಮಾತ್ರೆಗಳನ್ನು ಒಟ್ಟಿಗೆ ನುಂಗಿಸಿ. ಮಾಸು ಅರ್ಧ ಗಂಟೆಯಲ್ಲಿ ಬೀಳದಿದ್ದರೆ ಬಳ್ಳಿ ಹಿಡಿದು ಎಳೆಯದೆ ಆಸ್ಪತ್ರೆಗೆ ಹೊರಡಿ. ಹಾಕಿದ ಬಟ್ಟೆ ಐದು ನಿಮಿಷದೊಳಗೆ ನೆನೆದು ತೊಪ್ಪೆಯಾದರೆ ತಾಯಿಯ ಪ್ರಾಣಕ್ಕೇ ಅಪಾಯ. ಡೋಲಿಯವರನ್ನು ಕೂಗಿ, ಹೊರಡುವ ಹೊತ್ತಿಗೆ ಮಗುವನ್ನು ಎದೆಗೆ ಹಚ್ಚಿ, ತಾಯಿಗೆ ಮೂತ್ರ ಮಾಡಿಸಿ.

ಮೊದಲ ಹಳದಿ ಹಾಲನ್ನು ಒಂದು ಗಂಟೆಯೊಳಗೆ ಕುಡಿಸಬೇಕು, ಒಂದು ದಿನ ಕಳೆಯುವವರೆಗೆ ಮಗುವಿಗೆ ಸ್ನಾನ ಬೇಡ. ಮನೆಯಲ್ಲೇ ಹೆರಿಗೆಯಾಗಿದ್ದರೆ ಆಶಾ ಕಾರ್ಯಕರ್ತೆ 1, 3, 7, 14, 21, 28, 42ನೆಯ ದಿನಗಳಂದು ಹೋಗಿ ಮಗುವಿನ ತೂಕ ನೋಡಬೇಕು. ಬಾಣಂತಿಗೆ ಜ್ವರವಾಗಲಿ ದುರ್ವಾಸನೆಯ ಸ್ರಾವವಾಗಲಿ ಇದೆಯೇ ಎಂದು, ಅತ್ತೆ ಪಕ್ಕದಲ್ಲಿಲ್ಲದಾಗ, ಅವಳನ್ನೇ ಕೇಳಿ ತಿಳಿದುಕೊಳ್ಳಬೇಕು.